ಸಂದರ್ಶನಶಾಸ್ತ್ರ: ಒಂದು ಅಲ್ಪ ಮೀಮಾಂಸೆ

ಪೀಠಿಕೆ

ಕೆಲಸಗಾರನನ್ನು ಒರೆಗೆ ಹಚ್ಚುವ ವಿದ್ಯೆಯ ಮೂಲಗ್ರಂಥ ಬೆಳಕಿಗೆ ಬಂದದ್ದು ಮೈಸೂರಿನಲ್ಲೇ. ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರಿಗೆ ನಾಲ್ಕು ‘ಉಪಧೆ’ಗಳು, ಎಂದರೆ ಗುಟ್ಟಿನ ಪರೀಕ್ಷೆಗಳು ಇವೆ: ಧರ್ಮ, ಅರ್ಥ, ಕಾಮ, ಭಯ. ರಾಜನ ಮೇಲೆ ಎತ್ತಿಕಟ್ಟುವ ಪುರೋಹಿತ, ದುಡ್ಡಿನ ಆಸೆ ತೋರಿಸುವ ಸೇನಾಪತಿ, ರಾಣಿಗೆ ನಿಮ್ಮ ಮೇಲೆ ಮನಸ್ಸಿದೆ ಎಂದು ಕಿವಿಯೂದುವ ಸಂನ್ಯಾಸಿನಿ, ಎಲ್ಲರೂ ರಾಜನ ಕಡೆಯವರೇ. ಪರೀಕ್ಷೆ ನಡೆದದ್ದೇ ಪರೀಕ್ಷೆಗೊಳಗಾದವನಿಗೆ ತಿಳಿಯುತ್ತಿರಲಿಲ್ಲ. ಇಂದು ಪ್ರಶ್ನೆ ಅಭ್ಯರ್ಥಿಗೆ ಗೊತ್ತು, ಉತ್ತರ ಪರೀಕ್ಷಕರಿಗೆ ಗೊತ್ತು. ಶಾಸ್ತ್ರ ಬೆಳೆದಿದೆ ಎನ್ನಲು ಬೇರೆ ಪ್ರಮಾಣ ಬೇಡ.

ವಸ್ತ್ರಾಧಿಕರಣ

ಸೂತ್ರ: ಅಂಗಿ ಯಾರದಾದರೂ ಸರಿ, ಇಸ್ತ್ರಿಯಾಗಿರಲಿ.

ಭಾಷ್ಯ: ದಾವಣಗೆರೆಯಿಂದ ರಾತ್ರಿ ಬಸ್ಸು ಹತ್ತಿದವನು ನಸುಕಿಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಗೆಳೆಯನ ಪಿ.ಜಿ.ಯಲ್ಲಿ ಸ್ನಾನ ಮುಗಿಸಿ, ಅವನದೇ ತಿಳಿನೀಲಿ ತುಂಬುತೋಳಿನ ಅಂಗಿ ತೊಟ್ಟಾಗ ‘ಫಸ್ಟ್ ಇಂಪ್ರೆಶನ್’ ಹುಟ್ಟುತ್ತದೆ. ಕತ್ತಿನ ಗುಂಡಿ ಹಾಕಿದರೆ ಉಸಿರಿಲ್ಲ, ಬಿಟ್ಟರೆ ಶಿಸ್ತಿಲ್ಲ. ಸ್ವಂತದ್ದೇ ಏಕಾಗಬಾರದು ಎಂಬುದು ಪೂರ್ವಪಕ್ಷ. ಅದು ಬ್ಯಾಗಿನ ತಳದಲ್ಲಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಕೆಳಗೆ ಮಲಗಿ ಬಂದಿದೆ ಎಂಬುದು ಸಿದ್ಧಾಂತ.

ಅಂಗಿಯಾದ ಮೇಲೆ ಹೊರಡುವ ಹೊತ್ತು: ಸೋಮವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕೂ ಅದೇ ಹೊತ್ತಿಗೆ ಮೇಲೇಳುವುದರಿಂದ ಈ ವಿಷಯದಲ್ಲಿ ಅಜ್ಜಿಗೂ ಗೂಗಲ್ ಮ್ಯಾಪಿಗೂ ಮತಭೇದವಿಲ್ಲ.

ಪ್ರಶ್ನಾಧಿಕರಣ

‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬುದು ಆದಿಪ್ರಶ್ನೆ. ರೆಸ್ಯೂಮೆ ಎದುರಿಗೇ ಇರುವಾಗ ಕೇಳುವುದೇಕೆ? ಅದನ್ನು ಓದಲು ಅವರಿಗೆ ಹೊತ್ತು ಸಿಗಲೆಂದು. ದೌರ್ಬಲ್ಯವೇನೆಂದರೆ, ‘ಹಿಡಿದ ಕೆಲಸ ಮುಗಿಯುವ ತನಕ ನಿದ್ದೆ ಬರುವುದಿಲ್ಲ ಸಾರ್’ ಎಂದು ನಾಚಿಕೊಂಡು ಹೇಳತಕ್ಕದ್ದು. ಹೊರಗೆ ಫೈಲು ತಬ್ಬಿಕೊಂಡು ಕೂತ ಅಷ್ಟೂ ಜನಕ್ಕೆ ಇದೇ ದೌರ್ಬಲ್ಯ. ಇದನ್ನೇ ಹೇಳಿ ಒಳಗೆ ಸೇರಿದವರೂ ಇದ್ದಾರೆ. ಆದರೂ ಅಲ್ಲಿನ ಲಿಫ್ಟು ತಿಂಗಳುಗಟ್ಟಲೆ ಕೆಟ್ಟು ನಿಂತಿರುವುದೇಕೆಂಬುದು ಸಂಶೋಧನಾರ್ಹ.

ಉಪಧೆಗಳೂ ಉಳಿದಿವೆ. ‘ಎಷ್ಟು ಸಂಬಳ ನಿರೀಕ್ಷಿಸುತ್ತೀರಿ?’ ಎಂಬುದು ಅರ್ಥೋಪಧೆ. ಎರಡು ವರ್ಷದ ಬಾಂಡು ಭಯೋಪಧೆ.

ಮತಾಂತರ

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಇದನ್ನು ನಾಸ್ತಿಕ ದರ್ಶನವೆಂದು ಗಣಿಸಬೇಕು. ಐ.ಎ.ಎಸ್. ಪರೀಕ್ಷೆಯ 2025 ಅಂಕಗಳಲ್ಲಿ 275 ಇಂದಿಗೂ ಸಂದರ್ಶನಕ್ಕೇ ಮೀಸಲಾಗಿರುವುದರಿಂದ ಆಸ್ತಿಕರು ಧೃತಿಗೆಡಬೇಕಿಲ್ಲ.

ಫಲಾಧಿಕರಣ

ಧರ್ಮೋಪಧೆ ಗೆದ್ದವನನ್ನು ಕೌಟಿಲ್ಯ ನ್ಯಾಯಸ್ಥಾನಕ್ಕೆ ಹಾಕಿದ, ಅರ್ಥೋಪಧೆ ಗೆದ್ದವನನ್ನು ಬೊಕ್ಕಸಕ್ಕೆ. ನಾಲ್ಕೂ ಗೆದ್ದವನು ಮಂತ್ರಿ. ನಾಲ್ಕರಲ್ಲೂ ಬಿದ್ದವನನ್ನೂ ಅವನು ಬರಿಗೈಯಲ್ಲಿ ಕಳಿಸಲಿಲ್ಲ. ಗಣಿಗೋ ಕಾರ್ಖಾನೆಗೋ ಆನೆಕಾಡಿಗೋ ನೇಮಿಸಿದ. ಇಂದು ಗೆದ್ದವನಿಗೂ ಬಿದ್ದವನಿಗೂ ಫಲವಾಕ್ಯ ಒಂದೇ: ‘ನಾವೇ ಫೋನ್ ಮಾಡ್ತೀವಿ.’

ಆನೆಕಾಡಿನ ಕೆಲಸಕ್ಕೆ ಈಗ ಎಷ್ಟು ವರ್ಷದ ಅನುಭವ ಕೇಳುತ್ತಾರೆಂದು ತಿಳಿದೊಡನೆ ಈ ಗ್ರಂಥದ ಎರಡನೆಯ ಸಂಪುಟ ಹೊರಡುವುದು.