ಖಾಲಿ ತೋಟಾದ ಲೆಕ್ಕ

ಮಲೆನಾಡಿನಲ್ಲಿ ಕೋವಿ ಇರುವ ಮನೆಗೆ ಹೋದರೆ ಕೋವಿಯನ್ನು ಬೇಕಾದರೆ ತೋರಿಸಿಯಾರು, ಲೈಸೆನ್ಸ್ ಪುಸ್ತಕವನ್ನು ಅಷ್ಟು ಸುಲಭಕ್ಕೆ ಹೊರಗೆ ತೆಗೆಯುವುದಿಲ್ಲ. ಕೋವಿಗೆ ತುಕ್ಕು ಹಿಡಿದರೆ ಎಣ್ಣೆ ಹಾಕಿ ತಿಕ್ಕಿಯಾಯಿತು. ಪುಸ್ತಕಕ್ಕೆ ಗೆದ್ದಲು ಹಿಡಿದರೆ ಜಿಲ್ಲಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತಬೇಕು. ಹಾಗಾಗಿ ಅದು ಪಹಣಿ, ಪಾಲುಪಟ್ಟಿ, ಮಗಳ ಜಾತಕಗಳ ಜೊತೆಗೆ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿ ಬೆಚ್ಚಗೆ ಮಲಗಿರುತ್ತದೆ.

ನಮ್ಮ ಭಾವನ ಪುಸ್ತಕವನ್ನು ನಾನು ಬಿಡಿಸಿ ನೋಡಿದ್ದೇನೆ. ಮುಂದಿನ ಪುಟಗಳಲ್ಲಿ ಫೋಟೊ, ವಿಳಾಸ, ಕೋವಿಯ ನಂಬರು, ನವೀಕರಣದ ಸೀಲುಗಳು. ನನಗೆ ಕುತೂಹಲ ಹುಟ್ಟಿದ್ದು ಹಿಂದಿನ ಪುಟಗಳಲ್ಲಿ. ತೋಟಾ ಕೊಂಡಾಗಲೆಲ್ಲ ಅಂಗಡಿಯವರು ತಾರೀಖು ಹಾಕಿ, ಎಷ್ಟು ಕೊಟ್ಟೆವೆಂದು ಬರೆದು, ಸಹಿ ಮಾಡಿ ಮೊಹರು ಒತ್ತುವ ಜಾಗ ಅದು. ಒಂದು ವರ್ಷ ಹತ್ತು, ಮರುವರ್ಷ ಹತ್ತು, ಅಡಿಕೆಗೆ ರೇಟು ಬಂದ ವರ್ಷ ಇಪ್ಪತ್ತೈದು, ಕೊಳೆರೋಗ ಬಂದ ವರ್ಷ ಐದು. ಕೃಷಿ ಇಲಾಖೆಯವರು ಬಂದು ಈ ಪುಟಗಳನ್ನು ನಕಲು ಮಾಡಿಕೊಂಡು ಹೋದರೆ ಅವರ ಬೇರೆ ಸಮೀಕ್ಷೆಗಳಿಗೆ ವಿರಾಮ ಕೊಡಬಹುದು.

ಇಷ್ಟೆಲ್ಲ ಲೆಕ್ಕ ಇರುವಾಗ, ಕೊಂಡದ್ದಕ್ಕೆ ಮಾತ್ರವಲ್ಲ, ಸುಟ್ಟದ್ದಕ್ಕೂ ಲೆಕ್ಕ ಕೊಡಬೇಕಾಗುತ್ತದಂತೆ ಎಂಬ ಸುದ್ದಿ ಒಂದು ದಿನ ಹಾಲಿನ ಡೈರಿಯ ಜಗುಲಿಗೆ ಬಂದು ಕೂತಿತು. ಉತ್ತರಪ್ರದೇಶದಲ್ಲಿ ಅಂಥ ನಿಯಮ ಬಂದದ್ದು ನಿಜ. ಹೊಸ ತೋಟಾ ಬೇಕೆಂದರೆ ಹಿಂದೆ ಕೊಂಡದ್ದರಲ್ಲಿ ನೂರಕ್ಕೆ ಎಂಬತ್ತರಷ್ಟರ ಖಾಲಿ ಕೇಸುಗಳನ್ನು ತಂದು ಒಪ್ಪಿಸಬೇಕು ಎಂದು. ಅಲ್ಲಿನ ಮದುವೆ ಮೆರವಣಿಗೆಯಲ್ಲಿ ಮದುಮಗನ ಕಡೆಯವರು ಆಕಾಶಕ್ಕೆ ಗುಂಡು ಹಾರಿಸುವುದು, ಗುಂಡು ಆಕಾಶದಲ್ಲಿ ಉಳಿಯದೆ ಯಾರದೋ ಮಹಡಿಯ ಮೇಲೆ ನಿಂತ ಪಾಪದವರಿಗೆ ತಗಲುವುದು, ಇದು ಪತ್ರಿಕೆಗಳಲ್ಲಿ ಬಂದು ಬಂದು ಹಳಸಿದ ಸುದ್ದಿ. ಅದಕ್ಕೆ ಸರ್ಕಾರ ಮೂಗುದಾರ ಹಾಕಲು ಹೊರಟರೆ ತಪ್ಪೆನ್ನಲಾಗದು. ಆದರೆ ಲಖನೌದಲ್ಲಿ ಹಾಕಿದ ಮೂಗುದಾರ ನಾಳೆ ತೀರ್ಥಹಳ್ಳಿಯ ಎತ್ತಿಗೂ ಬಂದರೆ ಎಂಬುದು ಜಗುಲಿಯವರ ಚಿಂತೆ.

“ಗ್ಯಾಸ್ ಸಿಲಿಂಡರ್ ಹಾಗೆ ಮಾರಾಯ. ಖಾಲಿ ಕೊಟ್ಟರೆ ಭರ್ತಿ,” ಎಂದರು ಭಾವ. “ಆದರೆ ಸಿಲಿಂಡರ್ ಅಡುಗೆಮನೆಯಲ್ಲೇ ಇರುತ್ತೆ. ತೋಟಾ ಎಲ್ಲಿ ಖಾಲಿ ಆಗುತ್ತೆ ಅಂತ ಅವರಿಗೆ ಗೊತ್ತುಂಟಾ?”

ನನಗೆ ಗೊತ್ತು. ಭಾವನ ಜೊತೆ ರಾತ್ರಿ ಗದ್ದೆ ಕಾಯಲು ಹೋದವನು ನಾನು. ತೆನೆಗೆ ಹಾಲು ತುಂಬುವ ಹೊತ್ತಿಗೆ ಹಂದಿಗಳಿಗೆ ಅದು ಹೇಗೆ ತಿಳಿಯುತ್ತದೋ, ಮಂದೆಯಾಗಿ ಬರುತ್ತವೆ. ತಿಂದಷ್ಟೇ ಹೋದರೆ ಪುಣ್ಯ, ಹೊರಳಾಡಿ ನೆಲಸಮ ಮಾಡಿ ಹೋಗುತ್ತವೆ. ಮಾಳದ ಮೇಲೆ ಕಂಬಳಿ ಹೊದ್ದು ಕೂತಿದ್ದ ಭಾವ ಕೆಳಗಿನ ಕೋಗಿನಲ್ಲಿ ಸದ್ದು ಕೇಳಿದ್ದೇ ಇಳಿದರು. ಹಂದಿ ಇದ್ದ ದಿಕ್ಕಿಗಲ್ಲ, ಮೇಲಕ್ಕೆ ಹಿಡಿದು ಒಂದು ಈಡು ಹೊಡೆದರು. ಗುಡ್ಡ ಆ ಸದ್ದನ್ನು ತಿರುಗಿ ಹೇಳಿ ಮುಗಿಸುವುದರೊಳಗೆ ಕೋವಿಯನ್ನು ನಡುವಿನಲ್ಲಿ ಮಡಚಿದರು. ನಳಿಗೆಯ ಹಿಂದಿನಿಂದ ಖಾಲಿ ತೋಟಾ ಒಂದು ಬೆರಳಷ್ಟು ಹೊರಗೆ ಬಂದು ನಿಂತಿತು, ಸಣ್ಣಗೆ ಹೊಗೆ ಬಿಡುತ್ತ. ಉಗುರಿನಿಂದ ಎಳೆದು ಹಿಂದಕ್ಕೆಸೆದು ಸೊಂಟದಿಂದ ಇನ್ನೊಂದು ತೆಗೆದು ತೂರಿಸಿದರು. ಹಿಂದಕ್ಕೆಸೆದದ್ದು ಎಲ್ಲಿ ಬಿತ್ತು ಎಂದು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ. ನೋಡುವುದಕ್ಕೆ ನಮ್ಮ ಕಾಲ ಮೇಲೆ ಹತ್ತುತ್ತಿದ್ದ ಇಂಬಳಗಳೇ ಸಾಕಷ್ಟಿದ್ದವು. ಅದು ಹಳುವಿನಲ್ಲೋ, ಕಾದಿಗೆಯ ನೀರಿನಲ್ಲೋ ಇನ್ನೂ ಇರಬೇಕು. ಕೇಸಿನ ಒಡಲು ಪ್ಲಾಸ್ಟಿಕ್ ಆದ್ದರಿಂದ ಭಾವನ ಮೊಮ್ಮಗ ಮುದುಕನಾಗುವವರೆಗೂ ಇರುತ್ತದೆ.

ಹಗಲು ಹೊಡೆದ ತೋಟಾದ ಗತಿಯೂ ಬೇರೆಯಲ್ಲ. ಅದು ಮಕ್ಕಳ ಪಾಲು. ತುಟಿಗೆ ಆನಿಸಿ ಅಡ್ಡಕ್ಕೆ ಊದಿದರೆ ಊರೆಲ್ಲ ಕೇಳುವಂತೆ ಸಿಳ್ಳೆ ಬರುತ್ತದೆ. ಖಾಲಿ ತೋಟಾ ವಾಪಸು ಕೊಡಬೇಕೆಂದರೆ ಮೊದಲು ಅದನ್ನು ಅಕ್ಕನ ಮಗನಿಂದ ಜಪ್ತಿ ಮಾಡಬೇಕು. ಅದು ಪೊಲೀಸರಿಂದಲೂ ಆಗುವ ಕೆಲಸವಲ್ಲ.

ಇನ್ನು ಕೇಪಿನ ಕೋವಿಯವರ ಸಂಗತಿ. ಲೈಸೆನ್ಸ್ ಪುಸ್ತಕದ ಭಾಷೆಯಲ್ಲಿ ಅದು ಎಸ್‌ಬಿಎಂಎಲ್, ಅಂದರೆ ಬಾಯಿಂದಲೇ ಮದ್ದು ತುಂಬುವ ಒಂಟಿ ನಳಿಗೆ. ತೋಟಾ ಹಾಕುವ ಒಂಟಿ ನಳಿಗೆಯದು ಎಸ್‌ಬಿಬಿಎಲ್, ಜೋಡಿ ನಳಿಗೆಯದು ಡಿಬಿಬಿಎಲ್. ನಾಲ್ಕನೇ ಕ್ಲಾಸಿನ ಆಚೆ ಹೋಗದ ನಮ್ಮೂರ ಹಿರಿಯರೂ ಈ ಅಕ್ಷರಗಳನ್ನು ಒಂದೂ ತಪ್ಪದೆ ಹೇಳುತ್ತಾರೆ. ಕೇಪಿನ ಕೋವಿಯಲ್ಲಿ ಮಸಿ ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ಹಾಕಿ ಗಜದಿಂದ ಜಡಿದು, ಕೊನೆಗೆ ಕೇಪು ಕೂರಿಸಬೇಕು. ಅಷ್ಟರಲ್ಲಿ ಹಂದಿ ಉಂಡು, ಕೈ ತೊಳೆದು, ಮನೆ ಸೇರಿರುತ್ತದೆ. ಮಳೆಗಾಲವಾದರೆ ಕೇಪು ಥಂಡಿ ಹಿಡಿದು ಟಿಕ್ ಎಂದು ಸುಮ್ಮನಾಗುತ್ತದೆ. ಅದರಲ್ಲಿ ಖಾಲಿ ಕೇಸು ಎಂಬುದೇ ಇಲ್ಲ. ಮದ್ದು ಹೊಗೆಯಾಗುತ್ತದೆ, ನಾರು ಸುಟ್ಟುಹೋಗುತ್ತದೆ. ಹೊಗೆಯಲ್ಲಿ ನೂರಕ್ಕೆ ಎಂಬತ್ತನ್ನು ಹಿಡಿದು ತರುವ ವಿದ್ಯೆ ಮಲೆನಾಡಿಗೆ ಇನ್ನೂ ಬಂದಿಲ್ಲ. ಬಡವನ ಕೋವಿಗೆ ಹೀಗೆ ಅಪರೂಪಕ್ಕೊಂದು ಅನುಕೂಲ ಸಿಕ್ಕೀತೇನೋ.

ತೋಟಾ ಕೋವಿಗೆ ಹೇಳುವ ಹನ್ನೆರಡು ಬೋರು ಎನ್ನುವುದೂ ಒಂದು ಲೆಕ್ಕವೇ. ಒಂದು ಪೌಂಡು ಸೀಸ ಕರಗಿಸಿ ಹನ್ನೆರಡು ಸಮನಾದ ಗುಂಡುಗಳನ್ನು ಮಾಡಿದರೆ ಅದರಲ್ಲೊಂದು ಗುಂಡು ಎಷ್ಟು ದಪ್ಪವೋ ಆ ನಳಿಗೆಯ ಕಂಡಿ ಅಷ್ಟಗಲ. ಇಪ್ಪತ್ತು ಬೋರು ಎಂದರೆ ಇಪ್ಪತ್ತು ಗುಂಡು, ಹಾಗಾಗಿ ಕಂಡಿ ಚಿಕ್ಕದು. ಸಂಖ್ಯೆ ಹೆಚ್ಚಾದಂತೆ ವಸ್ತು ಕಿರಿದಾಗುವ ಈ ಲೆಕ್ಕ ಪಾಲುಪಟ್ಟಿ ಕಂಡ ನಮ್ಮವರಿಗೆ ಬೇಗ ಅರ್ಥವಾಗುತ್ತದೆ.

ತೋಟಾದ ಮೇಲೆ ಸರ್ಕಾರ ಕೈಯಿಟ್ಟಾಗ ಜನ ಗುಮಾನಿ ಪಡುವುದು ಈ ದೇಶದಲ್ಲಿ ಹೊಸತೂ ಅಲ್ಲ. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟಾಗೆ ಯಾವ ಪ್ರಾಣಿಯ ಕೊಬ್ಬು ಸವರಿದ್ದಾರೆ ಎಂಬ ಒಂದೇ ಪ್ರಶ್ನೆ ಕಂಪನಿಯ ಬುಡ ಅಲ್ಲಾಡಿಸಿತು. ಬೆದರಿದ ಕಂಪನಿ ಅದೇ ವರ್ಷ ಜನರ ಕೈಯಲ್ಲಿದ್ದ ಆಯುಧಗಳನ್ನೇ ಕಸಿಯುವ ಕಾಯ್ದೆ ತಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ನಮ್ಮಲ್ಲಿ ಎಷ್ಟೋ ಮಂದಿ ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ, ಪರೀಕ್ಷೆಗೆ ಸಂದರ್ಭ ಸಹಿತ ವಿವರಿಸಿದ್ದೇವೆ. ಆಮೇಲೆ 1878ರಲ್ಲಿ ಲಿಟ್ಟನ್ ಕಾಲದ ಆಯುಧ ಕಾಯ್ದೆ, ಸ್ವಾತಂತ್ರ್ಯ ಬಂದ ಮೇಲೆ 1959ರದು. ಭಾವನ ಟ್ರಂಕಿನಲ್ಲಿರುವ ಪುಸ್ತಕ ಈ ಕೊನೆಯದರ ಸಂತಾನ. ಹಲಗಲಿಯವರಿಗೂ ಡೈರಿ ಜಗುಲಿಯವರಿಗೂ ಹೋಲಿಕೆ ಮಾಡುವುದು ಅತಿಯಾಯಿತು, ಒಪ್ಪುತ್ತೇನೆ. ಜಗುಲಿಯವರು ಹೆಚ್ಚೆಂದರೆ ಒಂದು ಮನವಿಪತ್ರ ಬರೆಯುತ್ತಾರೆ, ಅದಕ್ಕೂ ನನ್ನನ್ನು ಕರೆಯುತ್ತಾರೆ.

ಲೈಸೆನ್ಸಿನ ಕಾಟವೇ ಇಲ್ಲದವರೂ ಇದ್ದಾರೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಉಂಟು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಅಲ್ಲಿ ಕೋವಿ ಮನೆಯ ಒಬ್ಬ ಸದಸ್ಯ. ಕೈಲ್‌ಪೊಳ್ದು ಹಬ್ಬದಲ್ಲಿ ತೋಕ್‌ಪೂ ಮುಡಿಸಿಕೊಂಡು ಪೂಜೆ ಮಾಡಿಸಿಕೊಳ್ಳುತ್ತದೆ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ, ಅದಾದ ಮೇಲೆ ಪಂದಿಕರಿ, ಕಡಂಬುಟ್ಟು. ಪುತ್ತರಿಯ ಕದಿರು ಕೊಯ್ಯುವಾಗ ಒಂದು ಈಡು. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಒಂದರ ಹಿಂದೆ ಒಂದರಂತೆ ಎರಡು.

ಅಲ್ಲಿ ಈ ಖಾಲಿ ತೋಟಾದ ನಿಯಮವನ್ನು ತಂದು ನೋಡಿ. ಫಾರಮ್ಮಿನಲ್ಲಿ “ಬಳಕೆಯ ಉದ್ದೇಶ” ಎಂಬ ಕಾಲಮ್ಮಿದ್ದರೆ, “ಮೊಮ್ಮಗ, ಏಳು ಪೌಂಡು, ತಾಯಿ ಮಗು ಕ್ಷೇಮ” ಎಂದು ಬರೆಯಬೇಕಾದೀತು. ಸಾವಿನ ಮನೆಯಲ್ಲಿ ಎರಡು ಈಡು ಹೊಡೆದ ಮೇಲೆ ನೆಂಟರ ಕಾಲಬುಡದಲ್ಲಿ ಬಗ್ಗಿ, “ಸ್ವಲ್ಪ ಸರೀರಿ, ಕೇಸು ಬಿದ್ದಿದೆ” ಎನ್ನುವುದಕ್ಕೆ ಎಂಥ ಗಂಡೆದೆಯವರಿಗೂ ನಾಲಗೆ ಏಳಲಿಕ್ಕಿಲ್ಲ.

ಮಸೂದೆ ಬಂದಾಗ ಎಲ್ಲರೂ ಒಟ್ಟಿಗೆ ಕೂಗಿದರೆ ಕೆಲವೊಮ್ಮೆ ಅರ್ಧ ಗೆಲ್ಲಬಹುದು. 2019ರ ನವೆಂಬರ್ ಕೊನೆಗೆ ಲೋಕಸಭೆಗೆ ಬಂದ ಆಯುಧ ಕಾಯ್ದೆಯ ತಿದ್ದುಪಡಿಯಲ್ಲಿ, ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದು ಎಂದಿದ್ದದ್ದನ್ನು ಒಂದಕ್ಕೆ ಇಳಿಸಿದ್ದರು. ಅಜ್ಜನದೊಂದು, ಮಾವ ಕೊಟ್ಟದ್ದೊಂದು ಇದ್ದವರೆಲ್ಲ ಗಾಬರಿಯಾದರು. ಹಲವು ರಾಜ್ಯಗಳಿಂದ ಗದ್ದಲವೆದ್ದು ಡಿಸೆಂಬರಿನಲ್ಲಿ ಪಾಸಾಗುವ ಹೊತ್ತಿಗೆ ಅದು ಎರಡಾಯಿತು. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದನ್ನು ಮಾತ್ರ ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಮೆರವಣಿಗೆಯ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಬರೆದದ್ದೂ ಆಗಲೇ. ನನ್ನನ್ನು ಕೇಳಿದರೆ ಇದು ಸರಿಯಾದ ಜಾಗಕ್ಕೆ ಕೊಟ್ಟ ಏಟು. ಹಾರಿಸಿದವನನ್ನು ಹಿಡಿಯಬೇಕೇ ಹೊರತು ಹಾರಿದ್ದರ ಸಿಪ್ಪೆಯನ್ನಲ್ಲ.

ಹಾಗೆಂದು ನಮ್ಮವರು ಹಾಲಲ್ಲಿ ತೊಳೆದವರು ಎಂದೇನೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೆಳೆರಕ್ಷಣೆಯ ಕೋವಿಗೆ ಉಳಿದ ಕೆಲಸ ಬಹುಮಟ್ಟಿಗೆ ಸದ್ದು ಮಾಡುವುದು. ಆದರೂ ಕೆಲವರ ಮನೆಯ ಒಲೆಯಿಂದ ಆ ಸದ್ದಿಗೆ ಮಸಾಲೆಯ ವಾಸನೆ ಬರುವುದುಂಟು. ಹಂದಿ ಎಂದು ತಿಳಿದು ಕಾಫಿ ಗಿಡದ ಆಚೆಗಿದ್ದ ಜೊತೆಗಾರನಿಗೇ ಹೊಡೆದ ಸುದ್ದಿ ಕೊಡಗಿನಿಂದಲೋ ಚಿಕ್ಕಮಗಳೂರಿನ ಕಡೆಯಿಂದಲೋ ಬರುತ್ತಲೇ ಇರುತ್ತದೆ. ಅಂಥ ದಿನ ಜಗುಲಿಯಲ್ಲಿ ಕಾಯ್ದೆಯ ಮಾತು ಯಾರೂ ಎತ್ತುವುದಿಲ್ಲ. ಹಾಲು ಅಳೆದುಕೊಟ್ಟು ಹೋಗುತ್ತಾರೆ.

ಚುನಾವಣೆ ಬಂದರಂತೂ ತೋಟಾದ ಪ್ರಶ್ನೆಯೇ ಇಲ್ಲ, ಕೋವಿಯೇ ಠಾಣೆಗೆ. ಎಲ್ಲರದ್ದನ್ನೂ ಸಾರಾಸಗಟಾಗಿ ಇಡಿಸಿಕೊಳ್ಳಬೇಡಿ, ಯಾರದ್ದು ಬೇಕೋ ಪರಿಶೀಲಿಸಿ ನೋಡಿ ಎಂದು ಕೋರ್ಟುಗಳು ಹೇಳಿವೆ. ಅದಕ್ಕೆ ಜಿಲ್ಲೆಗೊಂದು ಸಮಿತಿಯೂ ಉಂಟು. ಆದರೆ ಠಾಣೆಯಿಂದ ಫೋನು ಬಂದಾಗ ಸಮಿತಿಯ ನೆನಪಾಗುವವರು ಕಡಿಮೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಒಂದರ ಬೆನ್ನಿಗೊಂದು ಬಂದ ಕಾಲದಲ್ಲಿ ಕೋವಿ ಭಾವನ ಮನೆಗಿಂತ ಠಾಣೆಯ ಕೋಣೆಯಲ್ಲೇ ಹೆಚ್ಚು ಹಾಯಾಗಿತ್ತು. ಆ ದಿನಗಳಲ್ಲಿ ಮಂಗಗಳು ಅಂಗಳದ ತನಕ ಬಂದು ಬಾಳೆಗೊನೆ ಕೀಳುತ್ತವೆ. ಬಡಿಗೆ ತೋರಿಸಿದರೆ ಹಲ್ಲು ಕಿರಿಯುತ್ತವೆ. ನೀತಿಸಂಹಿತೆ ಜಾರಿಯಲ್ಲಿದೆ ಎಂಬುದನ್ನು ಅವುಗಳಷ್ಟು ಸರಿಯಾಗಿ ತಿಳಿದ ಮತದಾರರು ನಮ್ಮಲ್ಲಿಲ್ಲ.

ಪಿವಿಸಿ ಪೈಪಿಗೆ ಕಾರ್ಬೈಡು ಹಾಕಿ ಢಂ ಎನಿಸುವ ಮಂಗನ ಕೋವಿಯೇ ವಾಸಿ, ಅದಕ್ಕೆ ಪುಸ್ತಕವೂ ಬೇಡ, ತೋಟಾವೂ ಬೇಡ ಎಂದು ಎಳೆಯರು ಹೇಳುತ್ತಿದ್ದರು. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಎಷ್ಟೋ ಮಕ್ಕಳ ಕಣ್ಣಿಗೆ ಅದರಿಂದ ಪೆಟ್ಟಾಗಿ ಅಲ್ಲಿ ನಿಷೇಧವಾದ ಮೇಲೆ ಅವರೂ ದನಿ ತಗ್ಗಿಸಿದ್ದಾರೆ.

ಮೊನ್ನೆ ಭಾವನ ಜೊತೆ ತೋಟಾ ತರಲು ಹೋಗಿದ್ದೆ. ತಾಲೂಕು ಪೇಟೆಯ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿ ಈಗ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಬಸ್ ಚಾರ್ಜು, ಊಟ, ಕಾಫಿ ಎಲ್ಲ ಸೇರಿಸಿದರೆ ಒಂದೊಂದು ಈಡಿನ ಬೆಲೆ ಎಷ್ಟಾಗುತ್ತದೆಂದು ಹಂದಿಗಳಿಗೆ ತಿಳಿದರೆ ಗೌರವಕ್ಕಾದರೂ ಓಡಿಯಾವು. ಅಂಗಡಿಯ ಮಾಲೀಕರು ವಯಸ್ಸಾದವರು. ಪುಸ್ತಕ ಬಿಡಿಸಿ, ಅವಧಿ ನೋಡಿ, ಕೋಟಾ ಕೂಡಿಸಿ, ತಮ್ಮ ರಿಜಿಸ್ಟರಿನಲ್ಲಿ ಬರೆದು, ಪುಣೆ ಬಳಿಯ ಖಡಕಿ ಕಾರ್ಖಾನೆಯ ಶಕ್ತಿಮಾನ್ ಪೆಟ್ಟಿಗೆ ಮುಂದಿಟ್ಟರು. ಭಾವ ಒಂದೊಂದನ್ನೂ ತೆಗೆದು ಹಿತ್ತಾಳೆಯ ಬುಡ ಒರೆಸಿ ಎಣಿಸಿದರು. ಆಮೇಲೆ ಜೇಬಿನಿಂದ ಹಳೆಯದೊಂದು ತೋಟಾ ತೆಗೆದು ಮೇಜಿನ ಮೇಲಿಟ್ಟರು. ಬುಡದಲ್ಲಿ ಕೋವಿಯ ಕುದುರೆಯ ಪೆಟ್ಟು ಬಿದ್ದ ಗುಳಿ ಸ್ಪಷ್ಟವಾಗಿತ್ತು. ಆದರೆ ಸಿಡಿದಿರಲಿಲ್ಲ.

“ಇದು ಹೋದ ಮಳೆಗಾಲದ್ದು. ಹೊಡೆದೆ, ಹಾರಲಿಲ್ಲ. ನಾಳೆ ಆ ಖಾಲಿ ತೋಟಾದ ರೂಲು ಬಂತು ಅಂತಿಟ್ಟುಕೊಳ್ಳಿ. ಇದು ಖಾಲಿ ಲೆಕ್ಕಕ್ಕಾ, ಭರ್ತಿ ಲೆಕ್ಕಕ್ಕಾ?”

ಮಾಲೀಕರು ಕನ್ನಡಕ ಹಣೆಗೇರಿಸಿದರು. “ಮೊದಲು ಅದನ್ನು ಜೇಬಲ್ಲಿಟ್ಟುಕೊಂಡು ತಿರುಗೋದು ಬಿಡಿ ಮಾರಾಯ್ರೆ. ಠಾಣೆಗೆ ಒಪ್ಪಿಸಿ ಬರೆಸಿಕೊಳ್ಳಿ.”

“ಒಪ್ಪಿಸಬಹುದು. ರಶೀದಿಯಲ್ಲಿ ಏನೂಂತ ಬರೀತಾರೆ?”

ಮಾಲೀಕರು ಗೋಡೆಯ ಗಡಿಯಾರ ನೋಡಿದರು. ಒಂದೂವರೆ ಆಗಿತ್ತು. ಊಟದ ಹೊತ್ತಾಯಿತು, ಇನ್ನು ಮೂರು ಗಂಟೆಗೆ ಬನ್ನಿ ಎಂದು ಷಟರಿನ ಕಡೆಗೆ ನಡೆದರು.