ಅವ್ವ ಎಲ್ಲಿರಬೇಕು: ಬಳಕೆದಾರರ ಕೈಪಿಡಿ

ಈ ಕೈಪಿಡಿ ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮನೆಗಳಿಗಾಗಿ. ಬಳಸುವ ಮೊದಲು ಪೂರ್ತಿ ಓದಿ. ಓದಲು ಪುರುಸೊತ್ತಿಲ್ಲದಿದ್ದರೆ ಎಂದಿನಂತೆ ಸೊಸೆಯ ಕೈಗೆ ಕೊಡಿ.

ಹಂತ 1: ಗುರುತಿಸುವುದು
ಅವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ, ಉಂಡೆದ್ದು ಹೋಗಿ ‘ಇವರು ಊಟಕ್ಕೇ ಇಕ್ಕಲಿಲ್ಲ’ ಎಂದು ಪಕ್ಕದ ಮನೆಯಲ್ಲಿ ಹೇಳಿದರೆ, ‘ಅರಳುಮರಳು, ವಯಸ್ಸಾಯ್ತಲ್ಲ’ ಎಂದು ಒಂದೆರಡು ವರ್ಷ ದೂಡುವುದು ವಾಡಿಕೆ. ದೂಡಬೇಡಿ. ಥೈರಾಯ್ಡ್ ಏರುಪೇರಾದರೂ ಬಿ12 ಕಡಿಮೆಯಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿಯಿದೆ. ಅದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಡಿಮೆನ್ಷಿಯಾದ ಮಾತು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ ಅದಿದೆ. ನಿಮ್ಮ ಮನೆಗೆ ಮಾತ್ರ ಬಂದ ಶನಿಯಲ್ಲ.

ಹಂತ 2: ಪರೀಕ್ಷೆ
ಡಾಕ್ಟರು ಕೇಳುತ್ತಾರೆ: ಇದು ಯಾವ ವರ್ಷ, ಯಾವ ಜಿಲ್ಲೆ, ಯಾವ ರಾಜ್ಯ? ರಾಯದುರ್ಗದ ಎಂಬತ್ತರ ಅವ್ವ ‘ಬಳ್ಳಾರಿ ಜಿಲ್ಲೆ’ ಎಂದರೆ ಅಂಕ ಕಳೆಯದಿರಲು ವಿನಂತಿಸಿಕೊಳ್ಳಿ. ಆಕೆ ಹುಟ್ಟಿದಾಗ ಅದೇ ಸರಿಯುತ್ತರ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಮಡಕಶಿರಾದ ಅವ್ವ ‘ಅನಂತಪುರ’ ಎಂದರೂ ಮಾಫಿ ಕೊಡಬೇಕು. 2022ರ ಏಪ್ರಿಲ್ 4ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ, ಓದಿದ ಮಗನೂ ಅರ್ಜಿಯಲ್ಲಿ ಹಳೆಯದನ್ನೇ ಬರೆಯುತ್ತಾನೆ. ಈ ಸೀಮೆಯಲ್ಲಿ ಮನುಷ್ಯರು ಊರು ಬಿಡದೆಯೇ ವಿಳಾಸ ಬದಲಾಗುತ್ತದೆ.

ಹಂತ 3: ಮನೆಯೋ, ಕೇಂದ್ರವೋ
ಮರೆವಿನವರನ್ನೇ ನೋಡಿಕೊಳ್ಳುವ ಕೇಂದ್ರ ಬೇಕೆಂದರೆ ಬೆಂಗಳೂರಿನ ದಾರಿ ಹಿಡಿಯಬೇಕು. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನದೊಂದಿದೆ, ಬೇರೆಯವೂ ಇವೆ. ಮನೆಗೇ ಬಂದು ನೋಡಿಕೊಳ್ಳುವವರನ್ನು ಕಳಿಸುವ ಏಜೆನ್ಸಿಗಳೂ ಹೆಚ್ಚಾಗಿ ಅಲ್ಲೇ. ಎರಡಕ್ಕೂ ತಿಂಗಳಿಗೆ ಹತ್ತಾರು ಸಾವಿರ. ಅವ್ವನ ಕಡೆಯಿಂದ ಬರುವ ಆದಾಯ, ಆಂಧ್ರ ಸರಕಾರ ಮನೆಬಾಗಿಲಿಗೆ ತಂದುಕೊಡುವ 4,000 ರೂಪಾಯಿ ಪಿಂಚಣಿ. ಲೆಕ್ಕ ಇಲ್ಲಿಗೆ ಮುಗಿಯಿತು ಎನ್ನುವವರು ಹಂತ 4ಕ್ಕೆ ಹೋಗಬಹುದು.

ದುಡ್ಡಿದ್ದವರು ಭಾಷೆ ನೋಡಿ. ದೊಡ್ಡವಳಾದ ಮೇಲೆ ಕಲಿತ ತೆಲುಗು ಎಷ್ಟೋ ಸಲ ಮೊದಲು ಜಾರುತ್ತದೆ, ಮನೆಮಾತು ತಡವಾಗಿ. ಹೈದರಾಬಾದಿನಲ್ಲಿರುವ ಮಗ ಅಲ್ಲಿಯ ಒಳ್ಳೆಯ ಕೇಂದ್ರಕ್ಕೇ ಸೇರಿಸಿದ ಎನ್ನಿ. ಅವ್ವ ‘ಒಂದಕ್ಕೆ ಹೋಗ್ಬೇಕು’ ಎನ್ನುತ್ತಾಳೆ. ಯಾರೂ ಏಳುವುದಿಲ್ಲ. ಹಾಸಿಗೆ ಒದ್ದೆಯಾಗುತ್ತದೆ. ಮರುದಿನ ಕಡತದಲ್ಲಿ ‘ಹಿಡಿತವಿಲ್ಲ’ ಎಂದು ಬಿದ್ದು ಡೈಪರ್ ಶುರುವಾಗುತ್ತದೆ. ಹೊರರಾಜ್ಯದಿಂದ ಬೆಂಗಳೂರಿಗೆ ಬಂದ ಆಯಾ ಮನೆಗೆ ಬಂದರೂ ಇದೇ ಕಥೆ. ಮಂಚ, ಏಸಿ, ಕ್ಯಾಮೆರಾ ಆಮೇಲೆ ನೋಡಿ. ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲವರು ಯಾರು ಎಂದು ಮೊದಲು ಕೇಳಿ, ಹೆಸರು ಬರೆದುಕೊಳ್ಳಿ.

ಹಂತ 4: ಮನೆಯಲ್ಲೇ ಎಂದಾದರೆ
ಸಂಜೆಯಾದರೆ ಅವ್ವ ‘ಮನೆಗೆ ಹೋಗಣ ನಡಿ’ ಎನ್ನುತ್ತಾಳೆ. ಇದೇ ಮನೆ ಎಂದು ವಾದಿಸಬೇಡಿ. ಅವಳು ಕೇಳುತ್ತಿರುವುದು ತವರನ್ನು. ಓಣಿಯಲ್ಲಿ ಒಂದು ಸುತ್ತು ನಡೆಸಿ ಕರೆತನ್ನಿ. ಅಗುಳಿಯನ್ನು ಆಕೆಯ ಕಣ್ಣಿಗೆ ಬೀಳದಷ್ಟು ಎತ್ತರಕ್ಕೆ ಹಾಕಿಸಿ. ಫೋನ್ ನಂಬರನ್ನು ಸೆರಗಿಗೆ ಹೊಲಿಯಿರಿ. ಜೀನ್ಸ್ ಹೊಲಿಯುವ ರಾಯದುರ್ಗದಲ್ಲಿ ಇದಕ್ಕೆ ದರ್ಜಿಯ ಕೊರತೆಯಿಲ್ಲ.

ಹಂತ 5: ಮಕ್ಕಳ ಸಭೆ
ಬೆಂಗಳೂರಿನ ಮಗ ವಿಡಿಯೊ ಕಾಲ್‌ನಲ್ಲಿ, ಅಳಿಯ ಕುರ್ಚಿಯ ಮೇಲೆ. ‘ಕೇಂದ್ರಕ್ಕೆ ಹಾಕಿದ್ರೆ ಜನ ಏನಂತಾರೆ? ಅವ್ವ ಮನೇಲೇ ಇರ್ಲಿ’ ಎಂದು ಒಮ್ಮತವಾಗುತ್ತದೆ. ನಿರ್ಣಯ ಹೊರಬಿದ್ದಾಗ ಸೊಸೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಿರುತ್ತಾಳೆ. ಈ ಸಭೆಗೆ ಕೈಪಿಡಿಯ ಒಂದೇ ನಿಯಮ: ‘ಮನೇಲೇ ಇರ್ಲಿ’ ಎಂದವರು ಮೊದಲ ಹದಿನೈದು ರಾತ್ರಿ ಅವ್ವನ ಪಕ್ಕ ಮಲಗಬೇಕು. ಹದಿನಾರನೆಯ ಬೆಳಿಗ್ಗೆ ಮತ್ತೆ ಸಭೆ ಸೇರಲಿ. ಆಗಲೂ ಅದೇ ಮಾತು ಬಂದರೆ ಅದು ನಂಬತಕ್ಕದ್ದು. ಬರದಿದ್ದರೆ, ಕನ್ನಡ ಮಾತಾಡುವ ಕೇಂದ್ರಕ್ಕೆ ಅವ್ವನನ್ನು ಕಳಿಸುವುದರಲ್ಲಿ ಪಾಪವಿಲ್ಲ.

ಸಹಾಯ: ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಅವ್ವನ ತಿರುಗಾಟ ಅದಾದ ಮೇಲೆ ಜೋರಾಗುವುದರಿಂದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಬರೆದಿಟ್ಟುಕೊಳ್ಳಿ. ಅದು ಹಗಲೂ ರಾತ್ರಿ ಇರುತ್ತದೆ, ಕನ್ನಡವೂ ತೆಲುಗೂ ನಡೆಯುತ್ತದೆ. ಎರಡನೆಯ ನಂಬರು ಸೊಸೆಗೆ.