ಟ್ವೀಟರಿಗೊಂದು ಬಲ್ಬ್

ನಮ್ಮ ಸಲಗರ ಬುದ್ರುಕದಾಗ ಗಣಪ್ಪ ಕೂತ್ರ ಮದಲ ಸುಡೂದು ಕರ್ಪೂರ ಅಲ್ಲ, ಸ್ಪೀಕರ್ ಬಾಕ್ಸಿನ ಟ್ವೀಟರ್. ಹೋದ ಸಲ ಮೂರನೇ ದಿನಕ್ಕs ಬಾಕ್ಸ್ ಬರೇ ‘ಧಡಂ ಧಡಂ’ ಅನ್ನಾಕ ಹತ್ತಿತು. ತಾಳದ ದನಿ ಮಾಯ. ಹೊತ್ಕೊಂಡು ಅಕ್ಕಲಕೋಟಕ್ಕ ಓಡಿದ್ವಿ.

ರಿಪೇರಿ ಕಾಕಾ ಬಾಕ್ಸ್ ಬಿಚ್ಚಿ ಅಂಗೈಯಷ್ಟು ಹಲಗಿ ತೋರಿಸಿದ್ರು. “ಇದು ಕ್ರಾಸ್‌ಓವರ್. ಪಂಕ್ತ್ಯಾಗ ಬಡಸಾಂವ ಇದ್ದಂಗ. ದಪ್ಪ ದನಿ ವೂಫರಿಗೆ, ಸಣ್ಣ ದನಿ ಟ್ವೀಟರಿಗೆ. ಈ ಕೆಪಾಸಿಟರ್ ಶಾರ್ಟ್ ಆತು. ಕೂಸಿನ ತಾಟಿಗೆ ಪೈಲ್ವಾನನ ಊಟ ಬಿತ್ತು!”

“ಆಂಪ್ಲಿಫೈಯರ್ ಸಣ್ಣದs ಇತ್ತಲ್ರಿ ಕಾಕಾ?”

“ಸಣ್ಣದರ ಕಿವಿ ಹಿಂಡಿ ಒದರಿಸಿದ್ರೂ ಟ್ವೀಟರ್ ಸಾಯ್ತದಪಾ. ದನಿ ಒಡದ್ರ ಇಳಸ್ರಿ.”

ಹೊಸ ಟ್ವೀಟರ್, ಪ್ಲಸ್-ಮೈನಸ್ ಇಲ್ಲದ ಕೆಪಾಸಿಟರ್ ಹಾಕಿ, ಟ್ವೀಟರಿನ ದಾರ್ಯಾಗ ಗಾಡಿಯ 12 ವೋಲ್ಟ್ ಬಲ್ಬ್ ಒಂದು ಬೆಸೆದ್ರು. ಕರೆಂಟ್ ಹೆಚ್ಚಾದ್ರ ಬಲ್ಬಿನ ತಂತಿ ಕಾಯ್ತದ, ತಡೆ ಏರ್ತದ, ಟ್ವೀಟರ್ ಉಳೀತದ.

ಬಲ್ಬ್ ಹತ್ತಿದ್ರ ಇಳಸಬೇಕು ಅಂತ ಲೆಕ್ಕ. ನಮ್ಮ ಹುಡುಗುರು “ಲೈಟಿಂಗೂ ಬಂತು!” ಅಂತ ಇನ್ನಷ್ಟು ಏರಿಸಿದ್ರು. ಟ್ವೀಟರ್ ಕಾಯಾಕ ಬಲ್ಬ್ ಅದ. ನಮ್ಮ ಕಿವಿ ಕಾಯಾಕ ರಾತ್ರಿ 10ರ ಕಾಯ್ದೆ ಒಂದs ಗತಿ.